ಉಪ್ಪು ನಂದು, ಘಮ ನಿಂದು: ವಾಸನೆ ಕಳ್ಕೊಂಡ ಒಬ್ಬರ ಅಡುಗೆಮನೆ ಪ್ರಕರಣ

ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು, ಅವರ ಒಪ್ಪಿಗೆ ಸಿಕ್ಕಿದ್ದು ಈಗ. ಹೆಸರು, ಊರು, ಕೆಲಸ ಯಾವುದೂ ಹೇಳಲ್ಲ, ಒಂದೆರಡು ಸಣ್ಣ ವಿವರ ಬೇಕಂತಲೇ ಬದಲಾಯಿಸಿದ್ದೀನಿ, ಪಕ್ಕದ ಮನೆಯವರು ಓದಿದ್ರೂ ಯಾರು ಅಂತ ಗೊತ್ತಾಗಬಾರದು ನೋಡಿ. ಇಲ್ಲಿ ಅವರನ್ನ ಅಕ್ಕ ಅಂತೀನಿ, ಎದುರಿಗೆ ಕರೀತಿದ್ದದ್ದೂ ಹಾಗೇನೆ. ನಾನು ಡಾಕ್ಟರ್ ಅಲ್ಲ. ಊಟದ ಜೊತೆ ಜಗಳ ಆಡ್ತಿರೋ ಜನರ ಜೊತೆ ಕೂತು ಮಾತಾಡೋದು, ಏನು ತಿಂತಿದ್ದಾರೆ, ಯಾವಾಗ, ಯಾಕೆ ಅಂತ ಒಟ್ಟಿಗೆ ನೋಡೋದು ನನ್ನ ಕೆಲಸ. ಈ ಪ್ರಕರಣದಲ್ಲಿ ನಾನೂ ಒಂದು ದೊಡ್ಡ ಎಡವಟ್ಟು ಮಾಡಿದೀನಿ, ಅದನ್ನ ಮುಚ್ಚಿಟ್ಟು ಬರೆದ್ರೆ ಓದಿದವರಿಗೆ ಏನೂ ಸಿಗಲ್ಲ ಅಂತ ಅದನ್ನೂ ಬರೀತಿದ್ದೀನಿ.

ಹಿನ್ನೆಲೆ

ಅಕ್ಕನಿಗೆ ನಲವತ್ತು ದಾಟಿದೆ. ಮನೇಲಿ ಗಂಡ, ಹದಿಮೂರು ವರ್ಷದ ಮಗಳು. ಹೊರಗೆ ಕೆಲಸಕ್ಕೂ ಹೋಗ್ತಾರೆ, ಆದ್ರೆ ಎರಡು ಹೊತ್ತಿನ ಅಡುಗೆ ಅವರದ್ದೇ, ಯಾರೂ ಹೇರಿದ್ದಲ್ಲ, ಅವರಿಗೇ ಇನ್ನೊಬ್ಬರು ಅಡುಗೆಮನೆಗೆ ಬಂದ್ರೆ ಆಗ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅಡುಗೆ ಮಾಡ್ತಿದ್ರೂ ಮಾಡ್ತಾ ಮಾಡ್ತಾ ರುಚಿ ನೋಡೋ ಅಭ್ಯಾಸವೇ ಅವರಿಗೆ ಇರಲಿಲ್ಲ. ಎಲ್ಲಾ ಮೂಗಲ್ಲೇ. ಎಣ್ಣೆ ಕಾದಿದೆ ಅನ್ನೋದು ಮೂಗಿಗೆ ಗೊತ್ತಾಗ್ತಿತ್ತು, ಈರುಳ್ಳಿ ಬೆಂದಿದೆ, ಮಸಾಲೆಯ ಹಸಿ ವಾಸನೆ ಹೋಗಿದೆ, ಅನ್ನದ ತಳ ಹಿಡೀತಿದೆ, ಎಲ್ಲಾ ಮೂಗಿಗೇ. ಆಚೆ ರೂಮಲ್ಲಿ ಬಟ್ಟೆ ಮಡಚ್ತಾ ಕೂತು "ಒಲೆ ಸಣ್ಣ ಮಾಡೇ" ಅಂತ ಮಗಳಿಗೆ ಕೂಗ್ತಿದ್ರಂತೆ, ಹೋಗಿ ನೋಡಿದ್ರೆ ಸಣ್ಣ ಮಾಡೋ ಟೈಮೇ ಆಗಿರ್ತಿತ್ತಂತೆ. ಉಪ್ಪಿನ ಅಳತೆ ಕೈಗೆ ಗೊತ್ತಿತ್ತು. ಇದೆಲ್ಲಾ ಅವರು ಹೆಮ್ಮೆಯಿಂದ ಹೇಳಿದ್ದಲ್ಲ, ನಾನು ಕೆದಕಿ ಕೆದಕಿ ಕೇಳಿದಾಗ ಬಂದಿದ್ದು, ಎಲ್ಲರೂ ಹೀಗೇ ಮಾಡ್ತಾರೆ ಅಂತ ಅವರು ಅಂದ್ಕೊಂಡಿದ್ರು.

ಊಟ ಮಾತ್ರ ಅಷ್ಟಕ್ಕಷ್ಟೇ. ಬಡಿಸಿ, ಕೊನೆಗೆ ಬೇಗ ಬೇಗ ಎರಡು ತುತ್ತು. "ಅಡುಗೆ ಮಾಡೋವಾಗ್ಲೇ ವಾಸನೆಗೆ ಹೊಟ್ಟೆ ತುಂಬಿ ಹೋಗ್ತಿತ್ತು" ಅಂದ್ರು ಒಂದು ಸಲ. ನಾನಿದನ್ನ ಆವತ್ತು ಸುಮ್ನೆ ಬರ್ಕೊಂಡೆ, ಎಷ್ಟು ದೊಡ್ಡ ಮಾತು ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ.

ತೊಂದರೆ

ಒಂದು ವೈರಲ್ ಜ್ವರ ಬಂತು, ನಾಲ್ಕು ದಿನಕ್ಕೆ ಬಿಡ್ತು. ಮೂಗು ಕಟ್ಟಿರಬೇಕು ಅಂದ್ಕೊಂಡು ಒಂದು ವಾರ ಕಳೆದ್ರು. ಆಮೇಲೆ ಒಂದು ಬೆಳಿಗ್ಗೆ ಒಲೆ ಮೇಲೆ ಇಟ್ಟ ಪಾತ್ರೆ ಸೀದು ಹೊಗೆ ಹಾಲ್‌ಗೆ ಬಂದ ಮೇಲೆ ಮಗಳು ಓಡಿ ಬಂದು ಆರಿಸಿದ್ಲು, ಅಕ್ಕ ಅದೇ ಒಲೆ ಪಕ್ಕ ನಿಂತು ತರಕಾರಿ ಹೆಚ್ತಿದ್ರು. ಆವತ್ತು ಭಯ ಬಿತ್ತು. ಇಎನ್‌ಟಿ ಡಾಕ್ಟರ್ ಹತ್ರ ಹೋದ್ರು, ಅವರು ನೋಡಿ, ವೈರಸ್ಸಿಂದ ಹೀಗಾಗೋದುಂಟು, ಟೈಮ್ ತಗೊಳ್ಳುತ್ತೆ, ಕಾಯೋಣ ಅಂದ್ರು.

ನನ್ನ ಹತ್ರ ಬಂದಿದ್ದು ಏಳು ವಾರ ಆದ ಮೇಲೆ, ಅದೂ ವಾಸನೆ ವಿಷಯಕ್ಕಲ್ಲ. "ಹಸಿವೇ ಆಗ್ತಿಲ್ಲ, ಬಟ್ಟೆ ಎಲ್ಲಾ ಸಡಿಲ ಆಗಿದೆ, ಒಂದು ಚಾರ್ಟ್ ಹಾಕ್ಕೊಡಿ" ಅಂತ. ವಾಸನೆ ಬರಲ್ಲ ಅನ್ನೋದನ್ನ ಎದ್ದು ಹೋಗೋವಾಗ ಬಾಗಿಲ ಹತ್ರ ಹೇಳಿದ್ರು, ಚಪ್ಪಲಿ ಹಾಕ್ಕೊಳ್ತಾ. ನಾನೂ ಅದನ್ನ ಅಷ್ಟೇ ಹಗುರವಾಗಿ ತಗೊಂಡೆ.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು, ಇದು ಗೊತ್ತಿಲ್ದೆ ಮುಂದಿನದು ಅರ್ಥ ಆಗಲ್ಲ. ನಾವು ರುಚಿ ಅಂತ ಕರೆಯೋದ್ರಲ್ಲಿ ದೊಡ್ಡ ಪಾಲು ನಾಲಿಗೆದಲ್ಲ. ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಅಂತ ಒಂದು, ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಹೆಸರಿಟ್ಟಿದ್ದು, ಚೆನ್ನಾಗಿ ಬೆಂದ ಟೊಮ್ಯಾಟೋ, ಅಣಬೆಯಲ್ಲಿ ಬರೋ ಆ ತುಂಬಿದ ರುಚಿ. ಮಿಕ್ಕಿದ್ದೆಲ್ಲಾ, ಅಂದ್ರೆ ಇದು ಮಾವು ಇದು ಪೇರಲೆ ಅಂತ ಗೊತ್ತಾಗೋದು, ಮೂಗಿಂದ. ಅದೂ ಹೊರಗಿಂದ ಮೂಸಿದ್ದು ಮಾತ್ರ ಅಲ್ಲ, ಬಾಯಲ್ಲಿ ಅಗಿಯೋವಾಗ ಗಂಟಲ ಹಿಂದಿನ ದಾರಿಯಿಂದ ಮೂಗಿನ ಮೇಲ್ಭಾಗಕ್ಕೆ ಹೋಗೋ ವಾಸನೆ. ನಂಬಿಕೆ ಬರದಿದ್ರೆ ಮೂಗು ಬಿಗಿಯಾಗಿ ಹಿಡ್ಕೊಂಡು ಒಂದು ಹಣ್ಣಿನ ಕ್ಯಾಂಡಿ ಬಾಯಿಗೆ ಹಾಕ್ಕೊಳ್ಳಿ, ಬರೀ ಸಿಹಿ ಹುಳಿ ಅಷ್ಟೇ ಬರುತ್ತೆ, ಮೂಗು ಬಿಟ್ಟ ತಕ್ಷಣ ಯಾವ ಹಣ್ಣು ಅಂತ ಹೊಳೆಯುತ್ತೆ. ಮನುಷ್ಯರ ಮೂಗಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ, ಅಂದ್ರೆ ವಾಸನೆಯನ್ನ ಹಿಡಿದು ನರಕ್ಕೆ ತಿಳಿಸೋ ಪುಟ್ಟ ರಚನೆಗಳು, ಈ ಗ್ರಾಹಕಗಳ ಜೀನ್ ಕುಟುಂಬವನ್ನ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದ್ರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಆ 400 ತಂತಿಯ ವಾದ್ಯ ಒಂದೇ ವಾರದಲ್ಲಿ ಸುಮ್ಮನಾಗಿಬಿಟ್ರೆ ಉಳಿಯೋದು ಐದು ತಂತಿ. ಅಕ್ಕನಿಗೆ ಆಗಿದ್ದು ಅದು. ಅವರ ಮಾತಲ್ಲೇ ಹೇಳೋದಾದ್ರೆ, "ಕಾಫಿ ಅಂದ್ರೆ ಕಹಿ ಬಿಸಿನೀರು, ಅನ್ನ ಅಂದ್ರೆ ಒದ್ದೆ ಪೇಪರ್."

ಮನೆಯೊಳಗೆ ನಡೀತಿದ್ದದ್ದು

ಹಸಿವು ಹೋಗಿದ್ದು ಕಥೆಯ ಅರ್ಧ. ಇನ್ನರ್ಧ ನನಗೆ ತಿಳಿದಿದ್ದು ಅವರ ಗಂಡ ಒಂದು ದಿನ ಜೊತೆಗೆ ಬಂದಾಗ.

ಅಕ್ಕ ಅಡುಗೆ ಬಿಟ್ಟಿರಲಿಲ್ಲ. ಆದ್ರೆ ಮಾಡಿದ್ದು ತಮಗೆ ಏನೂ ಅನ್ನಿಸ್ತಿರಲಿಲ್ವಲ್ಲ, ಅದಕ್ಕೆ ಸ್ವಲ್ಪ ಉಪ್ಪು ಹಾಕೋದು, ಇನ್ನೂ ಸಪ್ಪೆ ಅನ್ಸಿದ್ರೆ ಇನ್ನಷ್ಟು, ಆಮೇಲೆ ಖಾರ. ಖಾರ ಹಾಕಿದ್ರೆ ಏನೋ ಒಂದು ಗೊತ್ತಾಗ್ತಿತ್ತಂತೆ. ಗೊತ್ತಾಗಲೇಬೇಕು, ಯಾಕಂದ್ರೆ ಖಾರ ರುಚಿಯೂ ಅಲ್ಲ ವಾಸನೆಯೂ ಅಲ್ಲ, ಅದು ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಕೂರೋದು ಬಿಸಿ ತಾಗಿದ್ರೆ ನೋವು ಅಂತ ಹೇಳೋ ಗ್ರಾಹಕದ ಮೇಲೆ, 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಕಂಡುಹಿಡಿದಿದ್ದು, ಆ ಕೆಲಸಕ್ಕೆ 2021ರಲ್ಲಿ ನೊಬೆಲ್ ಬಂತು. ಆ ನರ ಬೇರೆ, ವಾಸನೆಯ ನರ ಬೇರೆ. ಅದಕ್ಕೇ ವಾಸನೆ ಹೋದವರಲ್ಲಿ ಎಷ್ಟೋ ಜನ ಖಾರಕ್ಕೆ ಬೀಳ್ತಾರೆ, ಕತ್ತಲ ಕೋಣೇಲಿ ಗೋಡೆ ತಡಕಿದ ಹಾಗೆ.

ಮನೆಯವರು ಏನ್ ಮಾಡಿದ್ರು? ಸುಮ್ನಿದ್ರು. ಗಂಡ ತಟ್ಟೆಗೆ ನೀರು ಬೆರೆಸ್ಕೊಂಡು ತಿಂತಿದ್ರು, ಅಕ್ಕ ಆ ಕಡೆ ತಿರುಗಿದಾಗ. ಮಗಳು ಸ್ಕೂಲಿಂದ ಬರೋವಾಗ್ಲೇ ಏನೋ ತಿಂದ್ಕೊಂಡು ಬರ್ತಿದ್ಲು. ಇಬ್ಬರೂ ಪ್ರೀತಿಯಿಂದಲೇ ಮಾಡಿದ್ದು, ಪಾಪ ಬೇಜಾರಾಗಬಾರದು ಅಂತ. ಒಂದು ರಾತ್ರಿ ಮಗಳು ತಟ್ಟೆ ಸರಿಸಿ "ಅಮ್ಮ, ಬಾಯಿಗೆ ಇಡೋಕಾಗ್ತಿಲ್ಲ ಕಣಮ್ಮ" ಅಂದ್ಬಿಟ್ಲು. ಅಕ್ಕ ಗಂಡನ ಮುಖ ನೋಡಿದ್ರು, ಅವರು ತಲೆ ತಗ್ಗಿಸಿದ್ರು. ಒಂದು ತಿಂಗಳಿಂದ ಇಬ್ಬರೂ ನಾಟಕ ಆಡಿದ್ದಾರೆ ಅಂತ ಆವಾಗ ಗೊತ್ತಾಯ್ತು. ಮಾರನೇ ದಿನದಿಂದ ಅಕ್ಕ ಒಲೆ ಹಚ್ಚಲಿಲ್ಲ.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಗಾಯ ಇದೇ. ವಾಸನೆ ಹೋಗಿದ್ದಕ್ಕಿಂತ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ, ಮನೆಯವರ ಬಾಯಿ ಮೇಲೂ ನಂಬಿಕೆ ಇಲ್ಲ ಅನ್ನೋದು. ಒಳ್ಳೇ ಮನಸ್ಸಿಂದ ಮುಚ್ಚಿಟ್ಟಿದ್ದು ಅಂತ ಬಿಡೋಕಾಗಲ್ಲ, ಮೂಗು ಹೋದವರಿಗೆ ಉಳಿದಿರೋದು ಬೇರೆಯವರ ಮಾತೊಂದೇ, ಅದೂ ಸುಳ್ಳಾದ್ರೆ ಎಲ್ಲಿಗೆ ಹೋಗ್ತಾರೆ.

ಮೊದಲು ಏನೇನು ಮಾಡಿದ್ವಿ

ಚಾರ್ಟ್ ಹಾಕ್ಕೊಟ್ಟೆ. ಹಸಿವು ಕಾಯ್ಬೇಡಿ, ಗಡಿಯಾರ ನೋಡಿ ತಿನ್ನಿ, ಚಿಕ್ಕ ಚಿಕ್ಕದಾಗಿ ಐದು ಸಲ, ಪ್ರೋಟೀನ್ ತಪ್ಪಿಸ್ಬೇಡಿ, ಹೀಗೆ. ತೂಕ ಇಳಿಯೋದು ನಿಂತಿತು, ಅಷ್ಟರ ಮಟ್ಟಿಗೆ ಚಾರ್ಟ್ ಕೆಲಸ ಮಾಡ್ತು. ಆದ್ರೆ ಅಕ್ಕ ಮಾತ್ರೆ ನುಂಗಿದ ಹಾಗೆ ತಿಂತಿದ್ರು, ಫೋನ್ ನೋಡ್ತಾ, ಬೇಗ ಮುಗೀಲಿ ಅಂತ.

ಅದನ್ನ ನೋಡಿ ನನಗೆ ಬಂದ ಐಡಿಯಾ ಏನಪ್ಪಾ ಅಂದ್ರೆ, ಇವರು ಗಮನ ಕೊಟ್ಟು ತಿಂತಿಲ್ಲ, ಅದಕ್ಕೇ ಊಟ ಹತ್ತಿರ ಬರ್ತಿಲ್ಲ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡಿಸೋ ಒಂದು ಅಭ್ಯಾಸ ಇದೆ, ಒಣದ್ರಾಕ್ಷಿ ಅಭ್ಯಾಸ. 1979ರಲ್ಲಿ ಜಾನ್ ಕಬಾಟ್ ಜಿನ್ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಒತ್ತಡ ಇಳಿಸೋ ಕಾರ್ಯಕ್ರಮದಿಂದ ಹೆಸರಾಗಿದ್ದು. ಒಂದೇ ಒಂದು ಒಣದ್ರಾಕ್ಷಿ ತಗೊಂಡು ನೋಡೋದು, ಮುಟ್ಟೋದು, ಮೂಸೋದು, ಬಾಯಲ್ಲಿ ಇಟ್ಕೊಂಡು ನಿಧಾನಕ್ಕೆ ಅಗಿಯೋದು. ಎಷ್ಟೋ ಜನಕ್ಕೆ ಮಾಡಿಸಿದ್ದೀನಿ, ಅಯ್ಯೋ ದ್ರಾಕ್ಷಿಗೆ ಇಷ್ಟು ರುಚಿ ಇರುತ್ತಾ ಅಂತ ಕಣ್ಣರಳಿಸ್ತಾರೆ.

ಅಕ್ಕನಿಗೂ ಮಾಡಿಸಿದೆ. ಮೂಸಿ ಅಂತಾನೂ ಅಂದೆ. ವಾಸನೆ ಬರಲ್ಲ ಅಂತ ಗೊತ್ತಿದ್ದೂ ಬಾಯಿಪಾಠದ ಹಾಗೆ ಅಂದ್ಬಿಟ್ಟೆ, ಈಗ ನೆನೆಸ್ಕೊಂಡ್ರೆ ಮೈ ಬೆವರುತ್ತೆ. ಅವರು ಪಾಪ ಹೇಳಿದಂಗೆ ಮಾಡಿದ್ರು, ಒಂದು ನಿಮಿಷ ಅಗಿದ್ರು, ಆಮೇಲೆ ಪೇಪರಿಗೆ ಉಗಿದು ಹೇಳಿದ್ರು, "ರಬ್ಬರ್ ಚೂರು ಅಗೀತಿದ್ದೀನಿ ಅನ್ನಿಸ್ತಿದೆ, ನೀವು ಇನ್ನೂ ನಿಧಾನಕ್ಕೆ ಅಗೀರಿ ಅಂತೀರ. ಫೋನ್ ನೋಡ್ಕೊಂಡು ನುಂಗಿದ್ರೆ ಅಟ್ಲೀಸ್ಟ್ ಗೊತ್ತಾಗಲ್ಲ."

ಆಮೇಲೆ ಎರಡು ವಾರ ಬರಲೇ ಇಲ್ಲ.

ಆ ಎರಡು ವಾರ ನಾನು ಇದನ್ನೇ ಯೋಚಿಸ್ತಿದ್ದೆ. ಗಮನ ಅನ್ನೋದು ಟಾರ್ಚ್ ಇದ್ದ ಹಾಗೆ, ಎಲ್ಲಿ ಬಿಟ್ರೆ ಅಲ್ಲಿರೋದು ಕಾಣುತ್ತೆ. ನಾನು ಅವರ ಕೈಗೆ ಟಾರ್ಚ್ ಕೊಟ್ಟು ಖಾಲಿ ಜಾಗದ ಕಡೆಗೇ ತಿರುಗಿಸಿದ್ದೆ. ಅವರು ಫೋನ್ ನೋಡ್ತಾ ತಿಂತಿದ್ದದ್ದು ಗಮನ ಇಲ್ದೆ ಅಲ್ಲ, ನೋವು ಆಗ್ಬಾರ್ದು ಅಂತ. ಅದನ್ನ ನಾನು ಕೆಟ್ಟ ಅಭ್ಯಾಸ ಅಂತ ಓದ್ಕೊಂಡಿದ್ದೆ. ಇನ್ನೊಂದು ಮಾತು, ವಾಸನೆ ಬಗ್ಗೆ ಮೊದಲ ದಿನವೇ ಕೂತು ಕೇಳಿದ್ರೆ ಈ ಎಡವಟ್ಟೇ ಆಗ್ತಿರಲಿಲ್ಲ. ಹಸಿವಿಲ್ಲ ಅಂತ ಬಂದವರಿಗೆಲ್ಲಾ ಈಗ ಮೊದಲು ಕೇಳೋದು ಅದನ್ನೇ.

ನಾಲ್ಕು ಲೋಟ

ನಾನೇ ಫೋನ್ ಮಾಡಿದೆ. ಸಾರಿ ಅಕ್ಕ, ತಪ್ಪು ನಂದು, ಇನ್ನೊಂದು ಸಲ ಬನ್ನಿ, ಈ ಸಲ ನಿಮ್ಮಲ್ಲಿ ಏನಿಲ್ಲ ಅಂತ ನೋಡಲ್ಲ, ಏನಿದೆ ಅಂತ ನೋಡೋಣ ಅಂದೆ. ಬಂದ್ರು.

ಟೇಬಲ್ ಮೇಲೆ ನಾಲ್ಕು ಲೋಟ ನೀರು ಇಟ್ಟಿದ್ದೆ, ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ, ಒಂದರಲ್ಲಿ ನಿಂಬೆರಸ, ಒಂದರಲ್ಲಿ ಕಡು ಬ್ಲ್ಯಾಕ್ ಟೀ. ಕಣ್ಣು ಮುಚ್ಚಿಸಿ ಕೊಟ್ಟೆ. ನಾಲ್ಕೂ ಸರಿ ಹೇಳಿದ್ರು. ಉಪ್ಪಿನ ನೀರನ್ನ ಮೂರು ಹದದಲ್ಲಿ ಮಾಡಿ ಕೊಟ್ಟೆ, ಯಾವುದು ಜಾಸ್ತಿ ಯಾವುದು ಕಮ್ಮಿ ಅಂತ ಸಾಲಾಗಿ ಇಟ್ರು, ಅದೂ ಸರಿ. ಇದೇನು ವೈದ್ಯಕೀಯ ಪರೀಕ್ಷೆ ಅಲ್ಲ, ಮನೆ ಆಟ. ಆದ್ರೆ ಅಕ್ಕ ಆ ಲೋಟಗಳನ್ನೇ ನೋಡ್ತಾ ತುಂಬಾ ಹೊತ್ತು ಕೂತಿದ್ರು. ಆಮೇಲೆ, "ಹಂಗಾದ್ರೆ ನನ್ನ ನಾಲಿಗೆ ಸರಿಯಿದೆ, ಮತ್ಯಾಕೆ ಅಷ್ಟು ಉಪ್ಪು ಸುರಿದೆ?" ಅಂತ ಅವರೇ ಕೇಳಿದ್ರು.

ಉತ್ತರವನ್ನೂ ಅವರೇ ಕಂಡ್ಕೊಂಡ್ರು, ನಾನು ಹೇಳ್ಕೊಟ್ಟಿದ್ದಲ್ಲ. ಅವರು ಚಮಚ ಬಾಯಿಗಿಟ್ಟು ಕೇಳ್ತಿದ್ದ ಪ್ರಶ್ನೆ "ಉಪ್ಪು ಸಾಕಾ?" ಅಂತ ಅಲ್ಲ, "ರುಚಿ ಬಂತಾ?" ಅಂತ. ರುಚಿ ಬರ್ತಾನೇ ಇರ್ಲಿಲ್ಲ, ಅದಕ್ಕೆ ಉಪ್ಪು ಹಾಕ್ತಾನೇ ಹೋದ್ರು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಇದೆ ನಿಜ, ಆದ್ರೆ ಇಲ್ಲಿ ಹೋಗಿದ್ದ ಘಮವನ್ನ ಉಪ್ಪಲ್ಲಿ ಹುಡುಕಿದ್ದೇ ಎಡವಟ್ಟಾಗಿದ್ದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ, ಅಕ್ಕನ ಮನೇಲಿ ಆ ತಿಂಗಳು ಉಪ್ಪಿನ ಡಬ್ಬ ಎಷ್ಟು ಬೇಗ ಖಾಲಿಯಾಯ್ತು ಅಂತ ಗಂಡ ಹೇಳಿದಾಗ ಅಕ್ಕನೇ ನಕ್ಕುಬಿಟ್ರು, ಮೊದಲ ಸಲ.

ಅಲ್ಲಿಂದ ಒಂದು ನಿಯಮ ಹುಟ್ಟಿತು. ಉಪ್ಪು, ಹುಳಿ, ಸಿಹಿ, ಕಹಿ ನಾಲ್ಕನ್ನೂ ಒಂದೊಂದಾಗಿ ನಾಲಿಗೆಗೆ ಕೇಳೋದು, ಅದು ಸರಿ ಅಂದ್ರೆ ಅಲ್ಲಿಗೆ ಕೈ ತೊಳ್ಕೊಳ್ಳೋದು. ಘಮ ಬಂತಾ ಅಂತ ನಾಲಿಗೆಯನ್ನ ಕೇಳೋ ಹಾಗಿಲ್ಲ. ಅದನ್ನ ಕೇಳೋಕೆ ಬೇರೆ ಮೂಗು ಬೇಕು.

ಬಾಯಿಗೆ ಇನ್ನೇನೇನು ಗೊತ್ತಾಗುತ್ತೆ ಅಂತಾನೂ ಒಂದು ಲೆಕ್ಕ ಹಾಕಿದ್ವಿ. ಗರಿಗರಿ, ಮೆತ್ತಗೆ, ಜಿಗುಟು, ನುಣ್ಣಗೆ, ತಣ್ಣಗೆ, ಬಿಸಿ, ಪುದೀನದ ತಂಪು, ಶುಂಠಿಯ ಚುರುಕು. ಶಬ್ದ ಕೂಡ. ಆಲೂಗಡ್ಡೆ ಚಿಪ್ಸ್ ಕಚ್ಚೋ ಶಬ್ದವನ್ನ ಹೆಡ್‌ಫೋನಲ್ಲಿ ಜೋರು ಮಾಡಿ ಕೇಳಿಸಿದ್ರೆ ಅದೇ ಚಿಪ್ಸ್ ಜಾಸ್ತಿ ಗರಿಗರಿ ಅನ್ನಿಸುತ್ತೆ ಅಂತ ಜಾಂಪಿನಿ ಮತ್ತು ಸ್ಪೆನ್ಸ್ 2004ರಲ್ಲಿ ತೋರಿಸಿದ್ರು, ಅದಕ್ಕೆ ನಗೆಯ ನೊಬೆಲ್ ಅಂತಾರಲ್ಲ ಇಗ್ ನೊಬೆಲ್, ಅದೂ ಸಿಕ್ಕಿತು. ಅಕ್ಕನಿಗೆ ಈ ಕಥೆ ಇಷ್ಟ ಆಯ್ತು. ಮನೇಲಿ ಮೆತ್ತನೆ ಅನ್ನದ ಮೇಲೆ ಹುರಿದ ಕಡಲೆಬೀಜ, ತಣ್ಣನೆ ಮೊಸರಿಗೆ ಹಸಿ ಸೌತೆಕಾಯಿ ತುಂಡು, ಬಿಸಿ ಸೂಪ್ ಜೊತೆ ಒಣ ಟೋಸ್ಟ್, ಹೀಗೆ ಎರಡು ಬೇರೆ ಬೇರೆ ಹದ ಒಂದೇ ತುತ್ತಲ್ಲಿ ಸೇರಿಸೋದು ಶುರು ಮಾಡಿದ್ರು. ಫೋನ್ ತಾನಾಗೇ ಪಕ್ಕಕ್ಕೆ ಹೋಯ್ತು, ನಾನು ಒಂದು ಮಾತೂ ಹೇಳಿರಲಿಲ್ಲ. ಕಚ್ಚೋ ಶಬ್ದ ಕೇಳ್ಬೇಕಲ್ಲ.

ಮಗಳು ಮೂಗಾದದ್ದು

ಬೇರೆ ಮೂಗು ಯಾರು ಅಂತ ಕೇಳಿದಾಗ ನಾನು ಗಂಡನ ಕಡೆ ನೋಡಿದೆ, ಅಕ್ಕ ಬೇಡ ಅಂದ್ರು. "ಅವರು ಈಗ್ಲೂ ಚೆನ್ನಾಗಿದೆ ಅಂತಾರೆ. ಸತ್ಯ ಹೇಳಿದ್ದು ಇವಳೊಬ್ಬಳೇ." ತಟ್ಟೆ ಸರಿಸಿದ ಮಗಳಿಗೆ ಕೆಲಸ ಸಿಕ್ಕಿತು. ಈ ಆಯ್ಕೆ ಅಕ್ಕ ಮಾಡಿದ್ದು, ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೇ ನಿರ್ಧಾರ ಯಾರೂ ಮಾಡಲಿಲ್ಲ, ನಾನಂತೂ ಅಲ್ಲವೇ ಅಲ್ಲ.

ಶುರುವಲ್ಲಿ ಹುಡುಗಿಗೆ ಹೇಳೋಕೆ ಪದಗಳೇ ಇರಲಿಲ್ಲ. "ಚೆನ್ನಾಗಿದೆ", "ಒಂಥರಾ ಇದೆ", ಅಷ್ಟೇ. ಒಂಥರಾ ಅಂದ್ರೆ ಯಾವ ಥರಾ? ಅಕ್ಕ ಅವಳನ್ನ ಕೂರಿಸ್ಕೊಂಡು ಪದಗಳನ್ನ ಕಲಿಸಿದ್ರು. ಹಸಿ ವಾಸನೆ ಅಂದ್ರೆ ಇನ್ನೂ ಬೆಂದಿಲ್ಲ. ಸೀಕಲು ಅಂದ್ರೆ ತಳ ಹಿಡಿದಿದೆ. ಕಮಟು ಅಂದ್ರೆ ಎಣ್ಣೆ ಹಳೇದಾಗಿದೆ. ಮುಗ್ಗಲು ಅಂದ್ರೆ ಹಿಟ್ಟಿಗೋ ಕಾಳಿಗೋ ತೇವ ತಾಗಿದೆ. ಹಳಸಲು ಅಂದ್ರೆ ಚೆಲ್ಲಬೇಕು. ನೋಡಿ, ನಮ್ಮ ಭಾಷೇಲಿ ಕೆಟ್ಟ ವಾಸನೆಗೆ ಇಷ್ಟೊಂದು ಪದ ಇದೆ, ಒಳ್ಳೇದಕ್ಕೆ ಘಮ, ಕಂಪು, ಪರಿಮಳ ಅಂತ ಹೇಳಿ ಮುಗಿಸ್ತೀವಿ. ಯಾಕಿರಬಹುದು ಅಂತ ನಾನು ಯೋಚಿಸಿದ್ದೀನಿ, ಕೆಟ್ಟದ್ದನ್ನ ತಪ್ಪಾಗಿ ಹೇಳಿದ್ರೆ ಹೊಟ್ಟೆ ಕೆಡುತ್ತೆ, ಒಳ್ಳೇದನ್ನ ತಪ್ಪಾಗಿ ಹೇಳಿದ್ರೆ ಏನೂ ಆಗಲ್ಲ ಅಂತಿರಬೇಕು.

ಹುಡುಗಿ ಬೇಗ ಕಲಿತ್ಲು. ಒಲೆ ಪಕ್ಕ ನಿಂತು ಕಾಮೆಂಟರಿ ಕೊಡೋಳು, "ಇನ್ನೂ ಹಸಿ ಹಸಿ, ಇನ್ನೂ ಹಸಿ, ಹಾಂ ಈಗ ಹೋಯ್ತು, ಹಾಕಮ್ಮ." ಅಕ್ಕ ಅದನ್ನ ಗಡಿಯಾರದ ಜೊತೆ, ಬಣ್ಣದ ಜೊತೆ, ಎಣ್ಣೆ ಚಟಪಟ ಅನ್ನೋ ಶಬ್ದದ ಜೊತೆ ಹೊಂದಿಸಿ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳೋಕೆ ಶುರು ಮಾಡಿದ್ರು. ನೀರಿನಂಶ ಆರಿದಾಗ ಎಣ್ಣೆಯ ಸದ್ದು ಬದಲಾಗುತ್ತೆ ಅಂತ ಇಪ್ಪತ್ತು ವರ್ಷದಲ್ಲಿ ಗಮನಿಸೇ ಇರಲಿಲ್ಲವಂತೆ, ಮೂಗು ಎಲ್ಲಾ ಕೆಲಸ ಮಾಡಿಬಿಡ್ತಿತ್ತು, ಕಿವಿಗೆ ರಜೆ. ಅಡುಗೆಮನೆಯಲ್ಲಿ ಮಾತು ಒಂದು ಸೂತ್ರಕ್ಕೆ ಬಂತು: ಉಪ್ಪು ನಂದು, ಘಮ ನಿಂದು.

ಇದರ ಪಕ್ಕದಲ್ಲೇ ಬೇಸರದ ಕೆಲಸಗಳೂ ಇದ್ವು, ಅವನ್ನ ಬಿಡೋ ಹಾಗಿಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದ್ರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನೋ ನಾರೋ ರಾಸಾಯನಿಕ ಬೆರೆಸ್ತಾರೆ, 1937ರಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್ ಅನ್ನೋ ಕಡೆ ಶಾಲೆಯೊಂದು ಗ್ಯಾಸ್ ಸೋರಿ ಸ್ಫೋಟಗೊಂಡು ಸುಮಾರು 300 ಜನ ಸತ್ತ ಮೇಲೆ ಅಲ್ಲಿ ಅದನ್ನ ಕಡ್ಡಾಯ ಮಾಡಿದ್ರು. ವಾಸನೆ ಇಲ್ಲದವರಿಗೆ ಆ ರಕ್ಷಣೆಯೇ ಇಲ್ಲ. ಅದಕ್ಕೆ ಗ್ಯಾಸ್ ಡಿಟೆಕ್ಟರ್, ಹೊಗೆ ಅಲಾರಂ, ಫ್ರಿಜ್ಜಲ್ಲಿರೋ ಪ್ರತಿ ಡಬ್ಬದ ಮೇಲೂ ತಾರೀಕು ಬರೆದ ಟೇಪು, ಒಲೆ ಹಚ್ಚಿದ ತಕ್ಷಣ ಟೈಮರ್. ಅನುಮಾನ ಬಂದ್ರೆ ರುಚಿ ನೋಡೋದಲ್ಲ, ಚೆಲ್ಲೋದು. ಗಂಡನಿಗೆ ಈ ಖಾತೆ ಕೊಟ್ವಿ, ಅವರು ಬಹಳ ಶಿಸ್ತಾಗಿ ಮಾಡಿದ್ರು, ಬಹುಶಃ ನೀರು ಬೆರೆಸಿ ತಿಂದ ಪಾಪಕ್ಕೆ.

ತಿರುವು ಉಲ್ಟಾ ಹೊಡೆದಾಗ

ಇಷ್ಟೊತ್ತಿಗೆ ಇಎನ್‌ಟಿ ಡಾಕ್ಟರ್ ಮೂಗಿನ ವ್ಯಾಯಾಮ ಶುರು ಮಾಡಿಸಿದ್ರು. 2009ರಲ್ಲಿ ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ ಪ್ರಕಟಿಸಿದ ವಿಧಾನ ಇದು, ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಯನ್ನ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಗಮನ ಇಟ್ಟು ಮೂಸೋದು, 12 ವಾರ. ಎಲ್ಲರಿಗೂ ಫಲ ಸಿಗುತ್ತೆ ಅಂತಿಲ್ಲ, ಆದ್ರೆ ಮಾಡದವರಿಗಿಂತ ಮಾಡಿದವರಲ್ಲಿ ಸುಧಾರಣೆ ಜಾಸ್ತಿ ಕಂಡಿದೆ. ವಾಸನೆಯ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ತಾನೇ ಇರ್ತವೆ, ಅದೊಂದು ಆಸೆ.

ಐದನೇ ವಾರಕ್ಕೆ ಅಕ್ಕ ಫೋನ್ ಮಾಡಿದ್ರು, ಧ್ವನಿ ನಡುಗ್ತಿತ್ತು. ಈರುಳ್ಳಿ ಹುರಿದ್ರೆ ಚರಂಡಿ ವಾಸನೆ. ಕಾಫಿ ಸುಟ್ಟ ರಬ್ಬರ್. ಮೊಟ್ಟೆ, ಬೆಳ್ಳುಳ್ಳಿ ಹೇಳೋ ಹಾಗೇ ಇಲ್ಲ. ಹಲ್ಲುಜ್ಜೋ ಪೇಸ್ಟೂ ವಾಕರಿಕೆ. "ಏನೂ ಬರದೇ ಇದ್ದಾಗ್ಲೇ ವಾಸಿ ಇತ್ತು, ಈ ಮೂಸೋದನ್ನ ಇವತ್ತೇ ನಿಲ್ಲಿಸ್ತೀನಿ."

ನಾನು ಡಾಕ್ಟರ್ ಹತ್ರ ಕೇಳಿ ಅಂದೆ, ಆ ಜಾಗದಲ್ಲಿ ನಾನು ಬುದ್ಧಿವಂತಿಕೆ ತೋರಿಸ್ಬಾರ್ದು ಅನ್ನೋಷ್ಟು ಬುದ್ಧಿ ಬಂದಿತ್ತು. ಡಾಕ್ಟರ್ ಹೇಳಿದ್ದು, ಇದಕ್ಕೆ ಪ್ಯಾರೋಸ್ಮಿಯಾ ಅಂತಾರೆ, ವೈರಸ್ ಆದ ಎರಡು ಮೂರು ತಿಂಗಳಿಗೆ ಎಷ್ಟೋ ಜನಕ್ಕೆ ಬರುತ್ತೆ, ನರಗಳು ಮತ್ತೆ ಬೆಳೆಯೋವಾಗ ಸಂಕೇತ ಅರ್ಧಂಬರ್ಧ ಹೋಗುತ್ತೆ, ಹೆದರ್ಬೇಡಿ, ವ್ಯಾಯಾಮ ನಿಲ್ಲಿಸ್ಬೇಡಿ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಹುರಿದ ಮಾಂಸ ಇವೇ ಜಗತ್ತಿನ ಎಲ್ಲಾ ಕಡೆ ಇಂಥವರನ್ನ ಕಾಡೋದು. ಕಾಫಿಯಲ್ಲಿ ಅತಿ ಸಣ್ಣ ಪ್ರಮಾಣದಲ್ಲಿದ್ದೂ ಮೂಗಿಗೆ ಸಿಕ್ಕಿಬಿಡೋ ಗಂಧಕದ ಒಂದು ಸಂಯುಕ್ತವೇ ಮುಖ್ಯ ಕಾರಣಗಳಲ್ಲಿ ಒಂದು ಅಂತ 2022ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ.

ನಾನು ಮಾಡಬಹುದಾಗಿದ್ದು ತಟ್ಟೆ ಕಡೆಯ ಕೆಲಸ. ಬಿಸಿಯಾಗಿದ್ದಷ್ಟೂ ವಾಸನೆ ಏಳುತ್ತೆ, ಅದಕ್ಕೆ ಮೂರು ತಿಂಗಳು ಊಟ ಎಲ್ಲಾ ತಣ್ಣಗೆ ಇಲ್ಲಾ ಉಗುರುಬೆಚ್ಚಗೆ. ಹುರಿಯೋದು ಬಂದ್, ಬೇಯಿಸೋದು ಮಾತ್ರ. ಅನ್ನ, ಮೊಸರು, ಬೇಯಿಸಿದ ಆಲೂಗಡ್ಡೆ, ಹಣ್ಣು, ಹಸಿ ತರಕಾರಿ, ಬೇಳೆ. ಮನೆಯವರಿಬ್ಬರೂ ಒಪ್ಪಿದ್ರು, ಹತ್ತನೇ ದಿನಕ್ಕೆ ಗಂಡನಿಗೆ ತಡೀಲಿಲ್ಲ, ಅಕ್ಕ ಕೆಲಸಕ್ಕೆ ಹೋದಾಗ ಈರುಳ್ಳಿ ಹುರ್ಕೊಂಡು ತಿಂದು ಕಿಟಕಿ ಎಲ್ಲಾ ತೆಗೆದಿಟ್ರಂತೆ. ಸಂಜೆ ಅಕ್ಕ ಬಾಗಿಲಲ್ಲೇ ನಿಂತು "ಹುರಿದ್ರಾ?" ಅಂದ್ರಂತೆ. ನಾನು ಇದನ್ನ ಕೇಳಿ ಬೈಬೇಕೋ ನಗಬೇಕೋ ಗೊತ್ತಾಗಲಿಲ್ಲ. ಈ ಸಲ ಅವರು ಸುಳ್ಳು ಹೇಳಲಿಲ್ಲ, ಹೌದು ಕಣೇ ಅಂದ್ರು, ಅದು ದೊಡ್ಡದು. ಆಮೇಲೆ ವಾರಕ್ಕೊಂದು ದಿನ ಅಂತ ಮಾತಾಯ್ತು, ಆವತ್ತು ಅಕ್ಕ ಗೆಳತಿ ಮನೆಗೆ.

ಏನಾಯ್ತು

ಹತ್ತು ತಿಂಗಳಾದ ಮೇಲಿನ ಸ್ಥಿತಿ ಹೇಳ್ತೀನಿ. ಲವಂಗ ಮೊದಲು ಬಂತು, ದೂರದಲ್ಲಿ ಯಾರೋ ಮಾತಾಡಿದ ಹಾಗೆ. ನಿಂಬೆ ಬಂತು. ಗುಲಾಬಿ ಬಂದಿಲ್ಲ. ಈರುಳ್ಳಿ ಹುರಿದ್ರೆ ಈಗ ಚರಂಡಿ ಅಲ್ಲ, ಆದ್ರೆ ಈರುಳ್ಳಿಯೂ ಅಲ್ಲ, ಬೇರೆ ಏನೋ, ಅದಕ್ಕೊಂದು ಹೆಸರಿಡ್ಬೇಕು ಅಂತಾರೆ. ಕಾಫಿ ಬಿಟ್ಟೇ ಬಿಟ್ರು. ತೂಕ ಹೆಚ್ಚು ಕಮ್ಮಿ ವಾಪಸ್ ಬಂದಿದೆ. ಅಡುಗೆ ಪೂರ್ತಿ ಅವರ ಕೈಗೆ ಬಂದಿದೆ, ಆದ್ರೆ ಒಬ್ಬರೇ ಮಾಡಲ್ಲ, ಮೊದಲಿನ ಹಾಗೆ ಯಾರೂ ಒಳಗೆ ಬರ್ಬೇಡಿ ಅನ್ನಲ್ಲ.

ಊಟದ ವಿಷಯ ನನಗೆ ಆಶ್ಚರ್ಯ. ಜ್ವರಕ್ಕೆ ಮುಂಚೆ ಕೊನೆಗೆ ನಿಂತ್ಕೊಂಡು ಎರಡು ತುತ್ತು ತಿಂತಿದ್ದವರು ಈಗ ಎಲ್ಲರ ಜೊತೆ ಕೂತು ತಿಂತಾರೆ. "ಆವಾಗ ಅಡುಗೆ ಮಾಡ್ತಾ ಮೂಗಲ್ಲೇ ಊಟ ಮುಗೀತಿತ್ತು, ಈಗ ತಟ್ಟೇಲೇ ಮಾಡ್ಬೇಕು, ಬೇರೆ ದಾರಿ ಇಲ್ಲ." ಆವತ್ತು ಸುಮ್ನೆ ಬರ್ಕೊಂಡಿದ್ದ ಮಾತು ನನಗೆ ಅರ್ಥ ಆಗಿದ್ದು ಆಗ. ಇದನ್ನ ಗಮನದ ಊಟ ಅಂತ ಯಾರಾದ್ರೂ ಹೆಸರಿಟ್ರೆ ಇಡ್ಲಿ, ಅಕ್ಕನ ಎದುರಿಗೆ ಆ ಪದ ನಾನು ಹೇಳಲ್ಲ, ಒಣದ್ರಾಕ್ಷಿ ನೆನಪಾಗುತ್ತೆ ಅವರಿಗೆ.

ಎಲ್ಲಾ ಸರಿಹೋಯ್ತು ಅಂತ ಅಲ್ಲ. ಮಗಳ ಮೇಲೆ ಭಾರ ಹಾಕಿದ್ವಾ ಅನ್ನೋ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ಪರೀಕ್ಷೆ ಟೈಮಲ್ಲಿ ಅವಳು ಒಂದು ದಿನ "ನಾನೇನು ನಿಮ್ಮನೆ ಅಲಾರಮ್ಮಾ?" ಅಂತ ಸಿಡುಕಿದ್ಲಂತೆ. ಆಮೇಲೆ ಅವಳಿಗೆ ಎರಡು ವಾರ ರಜೆ ಕೊಟ್ಟು ನೋಟ್‌ಬುಕ್ ನೋಡ್ಕೊಂಡು ಅಕ್ಕನೇ ಮಾಡಿದ್ರು, ಗಡಿಯಾರ, ಬಣ್ಣ, ಶಬ್ದ ನಂಬ್ಕೊಂಡು. ಎರಡು ಸಲ ತಳ ಹಿಡೀತು, ಮಿಕ್ಕಿದ್ದೆಲ್ಲಾ ಸರಿಯಾಯ್ತು. ಮಗು ಬೇರೆ ಊರಿಗೆ ಓದೋಕೆ ಹೋಗೋ ದಿನ ಬರುತ್ತಲ್ಲ, ಅದಕ್ಕೂ ಆ ಎರಡು ವಾರ ಬೇಕಿತ್ತು ಅಂತ ನನ್ನ ಅಭಿಪ್ರಾಯ, ಶುರುವಲ್ಲೇ ಹೀಗೆ ನಡುನಡುವೆ ಬಿಡುವು ಕೊಡ್ಬೇಕಿತ್ತು.

ಕಳೆದ ಸಲ ಬಂದಾಗ ಆ ನೋಟ್‌ಬುಕ್ ತಂದಿದ್ರು. ಕೊನೇ ಪುಟದಲ್ಲಿ ತಾರೀಕು ಹಾಕಿ ಬರೆದಿದ್ರು. ಮಧ್ಯಾಹ್ನ ಮಲಗಿದ್ದಾಗ ಸೀಕಲು ವಾಸನೆ ಬಂತು ಅಂತ ಎದ್ದು ಅಡುಗೆಮನೆಗೆ ಓಡಿದ್ರಂತೆ, ನೋಡಿದ್ರೆ ಒಲೆಯೇ ಹಚ್ಚಿಲ್ಲ. ಮಗಳನ್ನ ಕರೆದು ಮೂಸಿಸಿದ್ರಂತೆ, ಅವಳು ಒಲೆ, ಪಾತ್ರೆ, ಸಿಂಕು, ಕಿಟಕಿ ಎಲ್ಲಾ ಮೂಸಿ ಬಂದು "ಏನೂ ಇಲ್ಲಮ್ಮ, ನಿನ್ನ ಮೂಗೇ ಸುಮ್ನೆ ಮಾತಾಡ್ತಿದೆ" ಅಂದ್ಲಂತೆ. ಅದರ ಕೆಳಗೆ ಮಗಳ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ಘಮ ನಂದು, ಆದ್ರೆ ಇದು ಅಮ್ಮಂದು.